ಹೂಂ ಎನ್ನುವ ಹುಡುಗ

ಕುಕ್ಕರಗಾಲಿನಲ್ಲಿ ಕೂತು ಬೇರೆಯವರು ಎಸೆದದ್ದನ್ನು ಹಿಡಿಯುವುದು ನನ್ನ ಕಸುಬು. ಬೇಸ್‌ಬಾಲಿನಲ್ಲಿ ಇದಕ್ಕೆ ಕ್ಯಾಚರ್ ಎಂಬ ಹೆಸರಿದೆ. ನನ್ನ ಹೆಂಡತಿ ಇಟ್ಟಿರುವ ಹೆಸರು ಬೇರೆ, ಅದು ಇಲ್ಲಿ ಬೇಡ. ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ತಂಡ ನಮ್ಮದು, ಟೆನೆಸಿಯ ಹಾರ್ಲನ್ ಫೆರಿ ಎಂಬ ಊರು. ಇಲ್ಲಿಗೆ ಬರುವ ಹುಡುಗರೆಲ್ಲ ಇಪ್ಪತ್ತರ ಆಸುಪಾಸಿನವರು. ಒಂದೆರಡು ವರ್ಷ ಆಡಿ ಮೇಲಕ್ಕೋ ಮನೆಗೋ ಹೋಗುತ್ತಾರೆ. ನಾನು ಮಾತ್ರ ಎರಡು ಕಡೆಯೂ ಹೋಗದೆ ಮೂವತ್ತಮೂರನೇ ವಯಸ್ಸಿಗೆ ಇಲ್ಲೇ ಬೇರು ಬಿಟ್ಟಿದ್ದೆ. ಎಫ್ರಾಯಿನ್ ಕವಾಸೊಸ್ ಎಂಬ ಹೆಸರು ಸಂಬಳದ ಚೀಟಿಯಲ್ಲಷ್ಟೇ ಇತ್ತು, ಬಾಯಲ್ಲಿ ಎಲ್ಲರಿಗೂ ನಾನು ಅಜ್ಜ. ಮೇಲಿನವರು ನನ್ನನ್ನು ಇಟ್ಟುಕೊಂಡದ್ದು ಬ್ಯಾಟಿಂಗ್ ಕಂಡು ಅಲ್ಲ. ಅದನ್ನು ಕಂಡವರು ಮುಖ ಆಚೆ ತಿರುಗಿಸುತ್ತಿದ್ದರು. ಚೆಂಡು ಎಸೆಯುವ ಎಳೆಯ ಪಿಚರ್‌ಗಳನ್ನು ಪಳಗಿಸಿ ಕೊಡಲಿ ಎಂದು ಇಟ್ಟುಕೊಂಡಿದ್ದರು.

ಆ ಬೇಸಿಗೆ ನನ್ನ ಕೊರಳಿಗೆ ಕಟ್ಟಿದ್ದು ವಿಲ್ಕಿನ್ ಪಿಚಾರ್ಡೊನನ್ನು. ಸ್ಪ್ಯಾನಿಷ್ ಮಾತಾಡುವ ಡೊಮಿನಿಕನ್ ಹುಡುಗ, ಇಪ್ಪತ್ತು ತುಂಬಿತ್ತಷ್ಟೆ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಾನು ಟೆಕ್ಸಾಸಿನ ಗಡಿಯವನು, ನಮ್ಮಜ್ಜಿಯ ಸ್ಪ್ಯಾನಿಷ್ ನನಗೂ ಬರುತ್ತದೆ. ಅವನು ಎಸೆದ ಚೆಂಡು ಹಿಡಿದ ದಿನ ಗ್ಲೌಸಿನೊಳಗೆ ನನ್ನ ಅಂಗೈ ಊದಿಕೊಳ್ಳುತ್ತಿತ್ತು. ಇಂಥ ಕೈ ನಾನು ಹಿಂದೆ ಕಂಡಿರಲಿಲ್ಲ.

ಆದರೂ ಅವನ ವಿಚಾರದಲ್ಲಿ ನನಗೊಂದು ಅಳುಕಿತ್ತು. ಪ್ರತಿ ಎಸೆತಕ್ಕೂ ಮೊದಲು ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸುತ್ತಾನೆ. ಒಂದು ಬೆರಳೆಂದರೆ ವೇಗದ ಚೆಂಡು, ಎರಡೆಂದರೆ ತಿರುಗುವ ಚೆಂಡು. ಒಪ್ಪಿಗೆಯಾದರೆ ಪಿಚರ್ ಗೋಣು ಹಾಕುತ್ತಾನೆ, ಇಲ್ಲವಾದರೆ ತಲೆ ಅಡ್ಡಡ್ಡ ಆಡಿಸಿ ಬೇರೆಯದನ್ನು ಕೇಳುತ್ತಾನೆ. ಎಂಥ ಎಳಸು ಪಿಚರ್ ಆದರೂ ದಿನಕ್ಕೊಂದು ಸಲವಾದರೂ ಬೇಡ ಎನ್ನುತ್ತಾನೆ. ವಿಲ್ಕಿನ್ ಒಮ್ಮೆಯೂ ಅನ್ನಲಿಲ್ಲ. ಏನು ತೋರಿಸಿದರೂ ಕೋಲೆಬಸವನ ಹಾಗೆ ಗೋಣು. ಊಟ ಆಯ್ತಾ ಅಂದರೆ ಹೂಂ, ನಿದ್ದೆ ಬಂತಾ ಅಂದರೆ ಹೂಂ, ಕೈ ಹೇಗಿದೆ ಅಂದರೆ ಚೆನ್ನಾಗಿದೆ.

ಈ ಚೆನ್ನಾಗಿದೆ ಎನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿಂದೆ ಕಾನ್ಸಾಸಿನವನೊಬ್ಬನಿದ್ದ, ಅವನೂ ಹೀಗೇ ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಿದ್ದವನು. ಅವಸರದಲ್ಲಿ ಮೇಲಕ್ಕೆ ಕಳಿಸಿದರು. ಒಂದು ತಿಂಗಳೂ ಆಗಿರಲಿಲ್ಲ, ಮೊಣಕೈಯೊಳಗಿನ ನಾರು ಹರಿದು ಕೂತಿತು. ನೋವಿದೆ ಎಂದು ಎಂದೂ ಬಾಯಿ ಬಿಟ್ಟಿರಲಿಲ್ಲ. ಈಗ ಟ್ರಾಕ್ಟರ್ ಮಾರುತ್ತಾನೆ. ಬೇಡ ಎನ್ನಲು ಬಾರದವನನ್ನು ಮೇಲಕ್ಕೆ ಕಳಿಸಬಾರದು ಎಂಬ ಹಟ ನನಗೆ ಅಂದಿನಿಂದ ಅಂಟಿಕೊಂಡಿತು.

ಜುಲೈನಲ್ಲಿ ಮೇಜರ್ ಲೀಗ್ ತಂಡದ ಪಿಚರೊಬ್ಬನ ಭುಜ ಕೆಟ್ಟಿತು. ಮರುದಿನ ಭಾನುವಾರ, ಹುಡುಗರ ಬೆಳವಣಿಗೆ ನೋಡಿಕೊಳ್ಳುವ ವಿಟ್‌ಕಮ್ ಎಂಬ ಅಧಿಕಾರಿ ಮೇಲಿನಿಂದ ಬಂದಿಳಿದ. ಅಂದು ವಿಲ್ಕಿನ್ ಎಸೆಯುವ ಸರದಿ. ಪಂದ್ಯಕ್ಕೆ ಮುಂಚೆ ನಮ್ಮ ಮ್ಯಾನೇಜರ್ ಬ್ರೂಸಾರ್ಡ್ ನನ್ನನ್ನು ತನ್ನ ಕೋಣೆಗೆ ಕರೆದ. ನಾವೆಲ್ಲ ಅವನನ್ನು ಯಜಮಾನ ಎಂದೇ ಕರೆಯುತ್ತಿದ್ದೆವು. ಅವನ ಎದುರು ವಿಟ್‌ಕಮ್ ಕೂತಿದ್ದ.

"ಇವರಿಗೆ ನಿನ್ನ ಅಭಿಪ್ರಾಯ ಬೇಕಂತೆ ಅಜ್ಜ," ಎಂದ ಯಜಮಾನ.

"ಇನ್ನೊಂದು ವರ್ಷ ಇಲ್ಲೇ ಬಿಡಿ," ಎಂದೆ.

"ವೇಗ ನೋಡಿದೀರಾ ಅವನದು?" ಎಂದು ವಿಟ್‌ಕಮ್ ಕೇಳಿದ.

"ನೋಡೋದೇನು, ದಿನಾ ತಿಂತಾ ಇದೀನಿ. ವೇಗದ ಮಾತಲ್ಲ ಸಾರ್. ಹುಡುಗ ಯಾವುದಕ್ಕೂ ಬೇಡ ಅನ್ನಲ್ಲ. ಮೇಲಿನ ಬ್ಯಾಟರ್‌ಗಳು ಅವನನ್ನ ಹುರಿದು ಮುಕ್ತಾರೆ. ನಾಳೆ ಕೈ ನೋವು ಬಂದ್ರೂ ಹೇಳಲ್ಲ ಅವನು."

"ನೀವು ಮೇಲೆ ಎಷ್ಟು ದಿನ ಆಡಿದೀರಿ?"

"ಒಂದು ದಿನಾನೂ ಇಲ್ಲ. ಅದಕ್ಕೇ ನನ್ನ ಕೈ ಇನ್ನೂ ನೆಟ್ಟಗಿದೆ."

ವಿಟ್‌ಕಮ್ ನಕ್ಕ. ಕೆಟ್ಟ ಮನುಷ್ಯನೇನಲ್ಲ, ಅದೇ ತೊಂದರೆ. "ನೋಡಿ, ಒಬ್ಬ ಪಿಚರ್ ಕೈಯಲ್ಲಿ ಇಷ್ಟೇ ಎಸೆತ ಅಂತ ಇರುತ್ತೆ. ಎಷ್ಟು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದನ್ನ ಇಲ್ಲಿ ನಿಮ್ಮ ನಾನೂರು ಜನರ ಮುಂದೆ ಖರ್ಚು ಮಾಡಿಸಬೇಕಾ, ಅಲ್ಲಿ ಮಾಡಿಸಬೇಕಾ?"

ನನಗೆ ಸಿಟ್ಟು ಬಂತು. ಇವರಿಗೆ ಕಣ್ಣಿಗೆ ಕಾಣುವ ಹಾಗೆ ತೋರಿಸಿಬಿಡುತ್ತೇನೆ ಎಂದುಕೊಂಡು ಹೊರಬಂದೆ.

ತೋರಿಸಿದ್ದು ಏಳನೇ ಸರದಿಯಲ್ಲಿ. ನಾವು ಒಂದು ರನ್ ಮುಂದಿದ್ದೆವು, ಎದುರಾಳಿಗಳ ಇಬ್ಬರು ಓಟ ಮುಗಿಸಲು ಬೇಸ್ ಮೇಲೆ ಕಾದಿದ್ದರು. ಬ್ಯಾಟ್ ಹಿಡಿದು ಬಂದವನು ಹಕಬಿ ಎಂಬ ಎಡಗೈಯವನು. ಅವನಿಗೆ ವೇಗದ ಚೆಂಡೆಂದರೆ ಹಬ್ಬದೂಟ, ತಿರುಗುವ ಚೆಂಡು ಬಂದರೆ ಗಾಳಿಗೆ ಬೀಸುತ್ತಾನೆ. ಇದು ನಮ್ಮ ಬಸ್ ಡ್ರೈವರಿಗೂ ಗೊತ್ತಿತ್ತು. ನಾನು ಒಂದೇ ಬೆರಳು ತೋರಿಸಿದೆ. ವೇಗದ ಚೆಂಡು, ಅದೂ ನಟ್ಟನಡುವೆ. ಬೇಡ ಅನ್ನು ಮಾರಾಯ ಎಂದು ಮುಖವಾಡದೊಳಗೆ ಗೊಣಗಿದೆ. ಹುಡುಗ ಎಂದಿಗಿಂತ ಹೆಚ್ಚು ಹೊತ್ತು ನನ್ನ ಬೆರಳನ್ನೇ ನೋಡುತ್ತ ನಿಂತ. ಆಮೇಲೆ ಗೋಣು ಹಾಕಿದ. ಚೆಂಡು ಬಲಗಡೆಯ ಗೋಡೆ ದಾಟಿ, ಆಚೆಗಿನ ಚರ್ಚಿನ ಅಂಗಳದಲ್ಲಿ ನಿಂತ ಕಾರುಗಳ ನಡುವೆ ಬಿತ್ತು. ಅದಕ್ಕೆ ಮೂರು ರನ್ ಕೊಟ್ಟು ನಾವು ಸೋತೆವು.

"ಒಂದು ಚೆಂಡು ನೋಡಿ ನಾನು ಲೆಕ್ಕ ಹಾಕಲ್ಲ," ಎಂದು ಪಂದ್ಯ ಮುಗಿದ ಮೇಲೆ ವಿಟ್‌ಕಮ್ ಎದ್ದ. ನಾಳೆ ಬೆಳಗಿನ ವಿಮಾನಕ್ಕೆ ವಿಲ್ಕಿನ್ ಹೊರಡಬೇಕು ಎಂದಾಯಿತು. ಯಜಮಾನ ಎಲ್ಲರೆದುರು ಸುದ್ದಿ ಹೇಳಿದ, ಹುಡುಗರು ಐಸ್ ಪೆಟ್ಟಿಗೆಯ ನೀರನ್ನು ಅವನ ತಲೆಗೆ ಸುರಿದರು. ಒದ್ದೆ ಮೈಯಲ್ಲೇ ಅವನು ತಾಯಿಗೆ ಫೋನ್ ಮಾಡಿದ. ಆ ಕಡೆಯಿಂದ ಅವಳೊಬ್ಬಳದಲ್ಲ, ಇಡೀ ಬೀದಿಯ ಕೂಗು ಕೇಳಿಸಿತು. ಎಲ್ಲರ ಹಾಗೆ ನಾನೂ ಅವನ ಬೆನ್ನು ತಟ್ಟಿದೆ.

ಅವನು ಮಿಸೆಸ್ ಪ್ರೂಯಿಟ್ ಎಂಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿದ್ದ. ಸೂರ್ಯ ಮುಳುಗುವ ಮುಂಚೆ ಅಲ್ಲಿಗೆ ಹೋದೆ. ಅನ್ನ, ರಾಜ್ಮಾ ಕಾಳು, ಕರಿದ ಬಾಳೆಕಾಯಿ ಮಾಡಿಕೊಂಡಿದ್ದ. ಕೇಳದೆಯೇ ನನಗೂ ಒಂದು ತಟ್ಟೆ ಹಾಕಿದ.

"ಹಕಬಿಗೆ ನಾನು ಕೇಳಿದ್ದು ತಪ್ಪು ಚೆಂಡು. ಬೇಕಂತಲೇ ಕೇಳಿದೆ," ಎಂದೆ.

"ಗೊತ್ತಾಯ್ತು ಅಜ್ಜ."

"ಗೊತ್ತಾಯ್ತಾ? ಮತ್ತೆ ಯಾಕೋ ಎಸೆದೆ?"

"ನೀವು ಕೇಳಿದ್ರಿ."

"ನಾನು ಬಾವಿಗೆ ಹಾರು ಅಂದ್ರೆ ಹಾರ್ತೀಯಾ?"

ಅವನು ಬಾಳೆಕಾಯಿಯ ತಟ್ಟೆಯನ್ನು ನನ್ನ ಕಡೆ ಸರಿಸಿದ. "ನಮ್ಮೂರ ಬೇಸ್‌ಬಾಲ್ ಅಕಾಡೆಮೀಲಿ ನಾವು ತುಂಬ ಹುಡುಗರಿದ್ವಿ ಅಜ್ಜ. ಹದಿನಾರು ಹದಿನೇಳು ವರ್ಷದವ್ರು. ನನ್ನ ಮಂಚದ ಪಕ್ಕ ಎಲ್ವಿಸ್ ಅಂತ ಒಬ್ಬ. ನನಗಿಂತ ಚೆನ್ನಾಗಿ ಎಸೀತಿದ್ದ. ಒಂದು ದಿನ ಕೋಚ್ ಹೇಳಿದ್ದಕ್ಕೆ, ಈ ಥರ ಎಸೆದ್ರೆ ನನಗೆ ನೋವಾಗುತ್ತೆ ಅಂದ. ಹಟಮಾರಿ ಅಂತ ಹೆಸರು ಬಂತು. ವಾರ ಕಳೆಯೋದ್ರಲ್ಲಿ ಮಂಚ ಖಾಲಿ. ಹೂಂ ಅಂದವ್ರು ಉಳ್ಕೊಂಡ್ವಿ. ಅಲ್ಲಿಂದ ಇಲ್ಲೀವರೆಗೂ ಹಾಗೇ ಬಂದೆ. ಈಗ ಬಂದು ಯಾಕೆ ಬೇಡ ಅನ್ನಲ್ಲ ಅಂತೀರಿ."

ತಲೆ ತಗ್ಗಿಸಿ ತಟ್ಟೆಯಲ್ಲಿದ್ದುದನ್ನು ತಿನ್ನತೊಡಗಿದೆ. ಆಗ ಗಮನಿಸಿದೆ, ಅವನು ಎಡಗೈಯಲ್ಲಿ ಚಮಚ ಹಿಡಿದಿದ್ದ. ಬಲಗೈ ತೊಡೆಯ ಮೇಲೆ ಮಲಗಿತ್ತು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಏನು?"

"ಕೈ."

"ಚೆನ್ನಾಗಿದೆ."

"ವಿಲ್ಕಿನ್, ನಿನ್ನ ಚೆಂಡು ಹಿಡಿಯೋನು ನಾನು. ಈಚೆಗೆ ನನ್ನ ಅಂಗೈ ಊದಿಕೊಳ್ತಿಲ್ಲ."

ಅವನು ಚಮಚ ಕೆಳಗಿಟ್ಟ. ಕಿರುಬೆರಳು ಮರಗಟ್ಟಿದೆಯಂತೆ. ಎಸೆದ ರಾತ್ರಿಗಳಲ್ಲಿ ಮೊಣಕೈ ಒಳಗಿನಿಂದ ಸುಡುತ್ತದಂತೆ, ಬೆಳಗಾದರೆ ಹೋಗುತ್ತದಂತೆ. ಒಂದೊಂದೇ ಮಾತು ಹೊರಬಂತು. ಕೊನೆಗೆ, "ಯಾರಿಗೂ ಹೇಳಬೇಡಿ," ಎಂದ.

"ಹೇಳಲೇಬೇಕು. ಮೊಣಕೈ ನಾರು ಪೂರ್ತಿ ಹರಿದ್ರೆ ಮುಗೀತು ನಿನ್ನ ಕಥೆ."

"ಬೇಡ."

"ವಿಲ್ಕಿನ್…"

"ಬೇಡ ಅಂದೆನಲ್ಲ. ನೀನ್ಯಾರು ಹೇಳೋಕೆ? ಕೈ ನಂದು."

ಅವನು ನನ್ನನ್ನು ನೀನು ಎಂದದ್ದು ಅದೇ ಮೊದಲು. ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದ. ಕೂಗಾಡಲಿಲ್ಲ.

"ಅಲ್ಲಿಗೆ ಹೋಗಿ ಒಂದು ದಿನ ಎಸೆದು ಹರಿದ್ರೂ ಮೇಜರ್ ಲೀಗ್ ಪಿಚರ್ ಕೈ ಹರೀತು ಅಂತಾರೆ. ದೊಡ್ಡ ಡಾಕ್ಟರ್ ಬರ್ತಾರೆ, ವಾಸಿ ಆಗೋವರೆಗೂ ಕಾಯ್ತಾರೆ. ಇಲ್ಲಿ ಹರಿದ್ರೆ ನಾನ್ಯಾರು? ಇನ್ನೊಬ್ಬ ಸಿಗ್ತಾನೆ. ನಮ್ಮಮ್ಮ ಊರಿಗೆಲ್ಲ ಹೇಳಿಕೊಂಡಿದಾಳೆ. ಒಂದೇ ಒಂದು ದಿನ ಬಿಡು ನನ್ನನ್ನ. ಅಷ್ಟೇ ಕೇಳ್ತಿರೋದು."

ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಈ ಆಟದಲ್ಲಿ ನಡೆಯುವುದು ಹಾಗೇ. ಅವನಿಗೆ ಇಪ್ಪತ್ತು ವರ್ಷ, ಕೈ ಹರಿದವನನ್ನು ನಾನು ಕಂಡಿದ್ದೆ, ಅವನು ಕಂಡಿರಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದೆ. ಬಲಗೈಯಲ್ಲಿ ನನ್ನನ್ನು ತಡೆಯಲು ನೋಡಿದ, ಆ ಕೈಯಲ್ಲಿ ಶಕ್ತಿಯೇ ಇರಲಿಲ್ಲ.

ನೇರ ಯಜಮಾನನ ಮನೆಗೆ ಹೋದೆ. ಅವನು ಅಂಗಳದಲ್ಲಿ ಮಾಂಸ ಸುಡುತ್ತಿದ್ದ. ನಾನು ಹೇಳಿದ್ದು ಕೇಳಿ ಕೈ ಒರೆಸಿಕೊಂಡು ವಿಟ್‌ಕಮ್‌ಗೆ ಫೋನ್ ಮಾಡಿದ.

ಸೋಮವಾರ ಡಾಕ್ಟರು ನೋಡಿದರು. ಮೊಣಕೈಯ ನಾರು ಅರ್ಧಕ್ಕೆ ಸೀಳಿತ್ತು. ಇನ್ನೊಂದು ಪಂದ್ಯ ತಡೆಯುತ್ತಿತ್ತಾ ಎಂದು ಯಜಮಾನ ಕೇಳಿದ. ತಡೆದರೂ ತಡೆಯಬಹುದಿತ್ತು, ಹೇಳಲಾಗದು ಎಂದರು. ಫ್ಲಾರಿಡಾಕ್ಕೆ ಕಳಿಸಿ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ವಿಟ್‌ಕಮ್ ತೀರ್ಮಾನಿಸಿದ. ವಾಸಿಯಾದ ಮೇಲೆ ಮತ್ತೆ ತಂಡಕ್ಕೆ ಸೇರಿಸಿಕೊಳ್ಳುತ್ತೀರಾ ಎಂದು ನಾನು ಕೇಳಿದರೆ, ಆಗ ನೋಡೋಣ ಎಂದ. ವಿಲ್ಕಿನ್ ಜಾಗಕ್ಕೆ ಕ್ನುಟ್ಸನ್ ಎಂಬ ಇನ್ನೊಬ್ಬ ಹುಡುಗನನ್ನು ವಿಮಾನ ಹತ್ತಿಸಿದರು. ಅವನ ತಲೆಗೂ ಐಸ್ ನೀರು ಸುರಿದರು.

ಸಂಜೆ ನಾನು ಮತ್ತೆ ಪ್ರೂಯಿಟ್ ಮನೆಗೆ ಹೋದೆ. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದೇ ಹೋದದ್ದು. ವಿಲ್ಕಿನ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಎಡಗೈಯಲ್ಲಿ ಫೋನ್ ಹಿಡಿದು ತಾಯಿಯೊಡನೆ ಮಾತಾಡುತ್ತಿದ್ದ. ನನ್ನನ್ನು ಕಂಡ, ಮಾತು ನಿಲ್ಲಿಸಲಿಲ್ಲ. ಅವಳು ಅಳುತ್ತಿದ್ದದ್ದು ನಾನು ನಿಂತಲ್ಲಿಗೂ ಕೇಳಿಸುತ್ತಿತ್ತು. ಯಾರು ನಿನ್ನನ್ನ ತಡೆದದ್ದು, ಯಾರು ಅಂತ ಹೇಳು, ಎಂದು ಒಂದೇ ಸಮ ಕೇಳುತ್ತಿದ್ದಳು.

"ಯಾರೂ ತಡೀಲಿಲ್ಲಮ್ಮ," ಎಂದ ವಿಲ್ಕಿನ್. "ಹೋಗ್ತೀಯಾ ಅಂತ ನನ್ನನ್ನೇ ಕೇಳಿದ್ರು. ಕೈ ಸ್ವಲ್ಪ ನೋಯ್ತಿದೆ, ಈಗ ಬೇಡ ಅಂತ ನಾನೇ ಅಂದೆ. ಅಳಬೇಡ. ಇಲ್ಲಿ ಎಲ್ರೂ ಒಳ್ಳೆಯವ್ರು. ನಾನು ಬೇಡ ಅಂದ ತಕ್ಷಣ ನನ್ನ ಮಾತು ಕೇಳಿದ್ರು."

ಯಾರೂ ಕೇಳಿರಲಿಲ್ಲ. ಅವನು ಜನ್ಮಕ್ಕೊಂದು ಸಲ ಬೇಡ ಅಂದದ್ದು ನನಗೇ, ನಾನೂ ಕೇಳಿರಲಿಲ್ಲ.