ಟಪಾಲಮ್ಮನ ಮೊಪೆಡ್

ಕೊನೆಯ ತಿರುಪು ಹಟ ಹಿಡಿದಿತ್ತು. ಮೇಸ್ತ್ರಿ ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ತಿರುಗಿಸಿದ. ಕಿರ್ರೆಂದು ಬಿಟ್ಟುಕೊಟ್ಟಿತು. ಕಾರ್ಬ್ಯುರೇಟರಿನ ತಳದ ಬಟ್ಟಲು ಕಳಚಿ, ಅಡುಗೆಮನೆಯ ನೆಲಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಬಿತ್ತು.

ಗೋಡೆಯಾಚೆ ಮುಂದಿನ ಕೋಣೆಯಲ್ಲಿ ಅವನ ಹೆಂಡತಿಯನ್ನು ಮಲಗಿಸಿದ್ದರು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು.

"ಯಜಮಾನರೆಲ್ಲಿ?" ಪಕ್ಕದ ಮನೆಯಾಕೆಯ ದನಿ ಕೇಳಿಸಿತು.

"ಒಳಗೆ ಗಾಡಿ ರಿಪೇರಿ ಮಾಡ್ತಾ ಕೂತಿದಾರಂತೆ," ಅಂದರು ನಿವೃತ್ತ ಪೋಸ್ಟ್‌ಮಾಸ್ಟರು.

"ಇವತ್ತಾ? ಹೆಂಡ್ತಿನ ಇಲ್ಲಿ ಮಲಗಿಸ್ಕೊಂಡು?"

"ಬಿಡಿ ತಾಯಿ. ದುಃಖ ಒಬ್ಬೊಬ್ಬರಿಗೆ ಒಂದೊಂದು ದಾರಿ ಹಿಡಿಯುತ್ತೆ." ಪೋಸ್ಟ್‌ಮಾಸ್ಟರು ಮೂಗೊರೆಸಿಕೊಂಡರು. "ಇವಳಂಥವಳು ಇನ್ನೊಬ್ಬಳು ಬರಲ್ಲ. 'ಕೆಮ್ಮೋ ತಾತನ ಮನೆ' ಅಂತ ಮಾತ್ರ ಬರೆದಿದ್ದ ಕಾಗದಾನೂ ಮುಟ್ಟಿಸಿ ಬಂದಿದ್ಲು. ಹೆಂಗೆ ಗೊತ್ತಾಯ್ತಮ್ಮಾ ಅಂದ್ರೆ, ಊರಲ್ಲಿ ಯಾರು ಹೆಂಗೆ ಕೆಮ್ತಾರೆ ಅಂತ ನಂಗೊತ್ತಿಲ್ವಾ ಸಾರ್, ಅಂದ್ಲು."

ಯಾರೋ ನಕ್ಕರು. ನಕ್ಕವರೇ ಅಳತೊಡಗಿದರು.

ಮೂವತ್ತೊಂದು ವರ್ಷ ಅವಳು ಮೊಪೆಡ್ಡಿನ ಮೇಲೆ ಮನೆಮನೆಗೆ ಅಂಚೆ ಹಂಚಿದ್ದಳು. ಊರಿಗೆಲ್ಲ ಅವಳು ಟಪಾಲಮ್ಮ. ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದ ಗಂಡನನ್ನು ದರ್ಜಿಗಳೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ಎಂಥ ಕೆಟ್ಟ ಮಷೀನನ್ನೂ ಹಾಡಿಸಬಲ್ಲ ಮೇಸ್ತ್ರಿಗೆ ಎರಡು ಚಕ್ರದ ಗಾಡಿ ಓಡಿಸುವುದು ಮಾತ್ರ ಒಲಿಯಲಿಲ್ಲ. ಹೆಂಡತಿಯ ಬೆನ್ನ ಹಿಂದೆ, ಪರಿಕರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತು ಹೋಗುವುದನ್ನು ನೋಡಿ ಜನ, "ಟಪಾಲಮ್ಮಾ, ಈ ಪಾರ್ಸೆಲ್ ಯಾರ ಮನೆಗೆ?" ಎಂದು ಕಿಚಾಯಿಸುತ್ತಿದ್ದರು. "ವಿಳಾಸದಾರರು ಇಲ್ಲ ಅಂದ್ರು. ವಾಪಸ್ ಮನೆಗೇ ತಗೊಂಡು ಹೋಗ್ತಿದೀನಿ," ಎನ್ನುತ್ತಿದ್ದಳು ಅವಳು.

*

ಏಳು ತಿಂಗಳ ಹಿಂದೆ ಅವಳು ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು. ಹೃದಯದ ಬಡಿತ ತಾಳ ತಪ್ಪುತ್ತಿದೆ, ಇನ್ನು ಗಾಡಿ ಮುಟ್ಟಕೂಡದು ಅಂದರು ಡಾಕ್ಟರು. ಅವಳು ಕೇಳುವವಳೇ? ವಾರ ಕಳೆಯುವುದರೊಳಗೆ ಮೊಪೆಡ್ಡನ್ನು ಅಂಗಳಕ್ಕಿಳಿಸಿ ಪೆಡಲು ತುಳಿದಳು. ಹೊರಡಲಿಲ್ಲ. ಹೊರಡುವುದಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಅವಳು ಏಳುವ ಮೊದಲೇ ಪ್ಲಗ್ಗಿನ ತಂತಿಯನ್ನು ಅವನೇ ಸಡಿಲಿಸಿದ್ದ.

"ಕಾರ್ಬ್ಯುರೇಟರ್ ಕಟ್ಕೊಂಡಿರಬೇಕು ಕಣೇ," ಅಂದ, ಅವಳ ಮುಖ ನೋಡದೆ.

"ಕ್ಲೀನ್ ಮಾಡ್ರೀ ಹಂಗಾದ್ರೆ."

"ಪೂರ್ತಿ ಬಿಚ್ಚಬೇಕಾಗುತ್ತೆ. ನಾಳೆ ನೋಡ್ತೀನಿ."

ಆ ನಾಳೆ ಬರಲೇ ಇಲ್ಲ. ಟಪಾಲಮ್ಮ ದಿನಾ ಸಂಜೆ ಗಾಡಿಯ ಧೂಳು ಒರೆಸುತ್ತಿದ್ದಳು. ಸ್ಟ್ಯಾಂಡ್ ಹಾಕಿದ ಹಾಗೇ ಹತ್ತಿ ಕೂತು, ಹ್ಯಾಂಡಲ್ ಹಿಡಿದು ಬೀದಿ ನೋಡುತ್ತಿದ್ದಳು.

"ಒಂದೇ ಸಲ ರೀ. ಬೀದಿ ಕೊನೆವರೆಗೆ ಹೋಗಿ ಬಂದ್ಬಿಡ್ತೀನಿ."

"ನಾಳೆ," ಎನ್ನುತ್ತಿದ್ದ ಮೇಸ್ತ್ರಿ.

*

ಬಟ್ಟಲಿನೊಳಗೆ ಜೇನಿನ ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. ಏಳು ತಿಂಗಳು ನಿಂತಲ್ಲೇ ನಿಂತ ಪೆಟ್ರೋಲು ಒಣಗಿ, ಕಮಟು ವಾಸನೆ ಹೊಡೆಯುತ್ತಿತ್ತು. ಪೆಟ್ರೋಲು ಹಾಯುವ ಪುಟ್ಟ ಹಿತ್ತಾಳೆ ಜೆಟ್ಟಿನ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಮೇಸ್ತ್ರಿ ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. ಅವನು ಹೇಳಿದ್ದ ಸುಳ್ಳು ಒಳಗೊಳಗೇ ನಿಜವಾಗಿ ಕೂತಿತ್ತು.

"ಅಪ್ಪಾ, ಏನಿದು?" ಮಗಳು ಬಾಗಿಲಲ್ಲಿ ನಿಂತಿದ್ದಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು. "ಬಂದವರೆಲ್ಲ ನಿನ್ನೇ ಕೇಳ್ತಿದಾರೆ. ಬಂದು ಅಮ್ಮನ ಹತ್ರ ಕೂತ್ಕೋ."

"ಕೆಟ್ಟಿರಲಿಲ್ಲ ಪುಟ್ಟಿ," ಅಂದ ಮೇಸ್ತ್ರಿ.

"ಯಾವುದು?"

"ಗಾಡಿ. ನಾನೇ ತಂತಿ ತಪ್ಪಿಸಿದ್ದೆ. ಎಲ್ಲಾದ್ರೂ ದಾರೀಲಿ ಬಿದ್ದುಗಿದ್ದು..." ಅವನು ಸ್ಕ್ರೂಡ್ರೈವರನ್ನು ಪಕ್ಕಕ್ಕೆ ಸರಿಸಿದ. "ಬೀಳಲಿಲ್ಲ, ನೋಡು. ಹಾಸಿಗೇಲೇ ಹೋದ್ಲು. ಒಂದು ಸಲ ಓಡಿಸಿದ್ರೆ ಏನಾಗ್ತಿತ್ತು?"

 ಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನೆದುರು ಕುಕ್ಕರಗಾಲಲ್ಲಿ ಕೂತಳು.

"ಹೋದ ತಿಂಗಳು ಫೋನಲ್ಲಿ ಅಮ್ಮಂಗೆ ಹೇಳಿದ್ದೆ, ಗ್ಯಾರೇಜಿಗೆ ಕೊಡು ಅಂತ. ಬೇಡ್ವೇ ಅಂದ್ಲು. ಗ್ಯಾರೇಜಿನವನು ಎರಡು ನಿಮಿಷಕ್ಕೆ ಸರಿ ಮಾಡ್ಬಿಡ್ತಾನೆ, ಆಮೇಲೆ ನಿಮ್ಮಪ್ಪ ಯಾವ ಮುಖ ಇಟ್ಕೊಂಡು ತಿರುಗಾಡ್ತಾರೆ ಅಂತ ನಕ್ಕಳು. ನಂಗೆ ಆವಾಗ ಅರ್ಥ ಆಗಲಿಲ್ಲ. ಅವಳಿಗೆ ಗೊತ್ತಿತ್ತಪ್ಪಾ."

ಮೇಸ್ತ್ರಿಯ ಬೆರಳಿನಿಂದ ಜೆಟ್ಟು ಜಾರಿ ಪತ್ರಿಕೆಯ ಮೇಲೆ ಉರುಳಿತು. ಮಗಳು ಹೆಕ್ಕಿದಳು. ಪರಿಕರದ ಪೆಟ್ಟಿಗೆಯಿಂದ ಸೂಜಿಯೊಂದನ್ನು ಎತ್ತಿಕೊಂಡಳು.

"ಸೂಜಿ ಬೇಡ," ಅಂದ ಅವನು ಥಟ್ಟನೆ. "ಹಿತ್ತಾಳೆ ಮೆತ್ತಗಿರುತ್ತೆ, ತೂತು ದೊಡ್ಡದಾಗುತ್ತೆ. ಥಿನ್ನರಲ್ಲಿ ನೆನೆಹಾಕು."

ಇಬ್ಬರೂ ನೆನೆಸಿದರು, ಉಜ್ಜಿದರು. ಹಳೆಯ ಬ್ರಶ್ಶಿನ ಒಂದೇ ಎಳೆ ಕಿತ್ತು ತೂತಿನೊಳಗೆ ಆಡಿಸಿದರು. ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಹೊರಗಿನ ಕುರ್ಚಿಗಳ ಸದ್ದು, ಬಂದವರ ನಿಟ್ಟುಸಿರು, ಯಾವುದೂ ಒಳಗೆ ಮುಟ್ಟಲಿಲ್ಲ. ಮೇಸ್ತ್ರಿ ಜೆಟ್ಟನ್ನು ಕಿಟಕಿಗೆ ಎತ್ತಿ ಹಿಡಿದ. ಎಳ್ಳಿನಷ್ಟೂ ಇಲ್ಲದ ಬೆಳಕಿನ ಚುಕ್ಕೆ ಕಾಣಿಸಿತು.

"ಸಾಕು," ಅಂದು ಕೈ ತೊಳೆದುಕೊಂಡು ಹೆಂಡತಿಯ ಬಳಿ ಹೋಗಿ ಕೂತ. ವ್ಯಾನು ಬರುವವರೆಗೂ ಏಳಲಿಲ್ಲ. ಜೋಡಿಸುವುದು, ತಪ್ಪಿಸಿದ್ದ ತಂತಿ ಸಿಕ್ಕಿಸುವುದು, ಹೊಸ ಪೆಟ್ರೋಲು ಹಾಕುವುದು, ಎಲ್ಲವನ್ನೂ ಮಗಳೇ ಮುಗಿಸಿದಳು.

ವ್ಯಾನಿನಲ್ಲಿ ಮೇಸ್ತ್ರಿಗೆ ಪೋಸ್ಟ್‌ಮಾಸ್ಟರು ಜಾಗ ಬಿಟ್ಟರು. ಅವನು ಬೇಡವೆಂದು ತಲೆಯಾಡಿಸಿದ. ಅಂಗಳದಲ್ಲಿ ಮಗಳು ಮೊಪೆಡ್ ಹತ್ತಿ ಪೆಡಲು ತುಳಿಯುತ್ತಿದ್ದಳು. ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ನೀಲಿ ಹೊಗೆ ಉಗುಳಿ ಟರ್ರೆಂದು ಚಾಲೂ ಆಯಿತು. ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕೂತ. ತೊಡೆಯ ಮೇಲೆ ಪೆಟ್ಟಿಗೆ ಇಲ್ಲದ್ದರಿಂದ ಕೈ ಎಲ್ಲಿಡುವುದೆಂದು ತಿಳಿಯದೆ ಮಗಳ ಭುಜ ಹಿಡಿದ.

ವ್ಯಾನು ಮೆಲ್ಲಗೆ ಮುಂದೆ ಸಾಗಿತು, ಮೊಪೆಡ್ಡು ಹಿಂದೆ. ಬೀದಿಯ ಕೊನೆಯ ಹಸಿರು ಗೇಟಿನ ಮನೆಯಲ್ಲಿ ಒಬ್ಬಂಟಿ ಮುದುಕಿಯೊಬ್ಬಳಿದ್ದಳು. ಕಣ್ಣು ಮಂಜಾಗಿತ್ತು, ಸಾವಿನ ಸುದ್ದಿಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಮೊಪೆಡ್ಡಿನ ಸದ್ದು ಕೇಳಿದ್ದೇ ತಡ, ಗೋಡೆ ಹಿಡಿದುಕೊಂಡು ದಡಬಡಿಸಿ ಹೊರಗೆ ಬಂದಳು.

"ಬಂದ್ಯಾ ಟಪಾಲಮ್ಮಾ? ಎಷ್ಟು ದಿನ ಆಯ್ತೇ ತಾಯಿ! ನಂದೇನಾದ್ರೂ ಕಾಗದ ಇದೆಯಾ?"

ಮಗಳು ಗಾಡಿ ನಿಲ್ಲಿಸಿದಳು. ಗೇಟಿನ ಸರಳುಗಳ ನಡುವಿಂದ ಮುದುಕಿಯ ಅಂಗೈ ಹೊರಗೆ ಚಾಚಿಕೊಂಡು ಕಾಯುತ್ತಿತ್ತು.