ವಿಠ್ಠಲನಿಗೆ ಬಿಸಿನೀರು

ವಿಠ್ಠಲ ಉರುಳಿಕೊಂಡು ಕಬ್ಬಿಣದ ಟ್ರಂಕಿನ ಹಿಂದೆ ಹೋಗಿ ಬಿದ್ದ. ಪಂಢರಿನಾಥ ಮಾಸ್ತರರು ಅಭಿಷೇಕದ ತಟ್ಟೆಯ ಮುಂದೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ "ಹಾ ಹಾ ಹಾ" ಎನ್ನುತ್ತಿದ್ದರು. ದೂರದಿಂದ ಕೇಳಿದವರು ಮಾಸ್ತರರು ಬಹಳ ಖುಷಿಯಲ್ಲಿದ್ದಾರೆ ಅಂದುಕೊಳ್ಳಬೇಕು.

"ಮತ್ತ ಬಿದ್ದನೇನು?" ಅಡುಗೆಮನೆಯಿಂದ ಹೆಂಡತಿ ಜಾನಕಿಬಾಯಿ ಕೇಳಿದರು.

"ಬಿದ್ದಿಲ್ಲ. ಇಳದು ಹೋದ."

"ನಿನ್ನೆನೂ ಇಳದಿದ್ದ. ಮೊನ್ನೆನೂ ಇಳದಿದ್ದ. ದೇವರಿಗೇನು ಅಡ್ಡಾಡೂ ಚಟ ಹತ್ತೇದೇನು?"

ಮಾಸ್ತರರು ಕೋಲು ಹಾಕಿ ವಿಠ್ಠಲನನ್ನು ಈಚೆಗೆ ಎಳೆಯತೊಡಗಿದರು. ಗೇಣುದ್ದದ ಹಿತ್ತಾಳೆಯ ಮೂರ್ತಿ, ಸೊಂಟದ ಮೇಲೆ ಎರಡೂ ಕೈ. ಇಂಡಿ ಊರಿನ ಹೈಸ್ಕೂಲಿನಲ್ಲಿ ಅವರು ಡ್ರಿಲ್ ಮಾಸ್ತರರಾಗಿದ್ದಾಗ ಹುಡುಗರಿಗೆ "ವಿಠ್ಠಲನ ಗತೆ ನಿಲ್ರಿ" ಎಂದರೆ ಸಾಕು, ಇಡೀ ಮೈದಾನ ಸೊಂಟಕ್ಕೆ ಕೈ ಹಚ್ಚಿ ನಿಲ್ಲುತ್ತಿತ್ತು. ಊರಿನ ಅರ್ಧ ಗಂಡಸರನ್ನು ಹಾಗೆ ನಿಲ್ಲಿಸಿದ ಮನುಷ್ಯನಿಗೆ ಈಗ ಒಬ್ಬ ವಿಠ್ಠಲನನ್ನು ಹಿಡಿದು ನಿಲ್ಲಿಸುವುದು ಆಗುತ್ತಿರಲಿಲ್ಲ.

ಹೋದ ವರ್ಷ ಅವರ ದೊಡ್ಡ ಕರುಳಿನಲ್ಲಿ ಕ್ಯಾನ್ಸರಿನ ಗಡ್ಡೆ ಕಂಡಿತ್ತು. ಸೋಲಾಪುರದ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದರು. ಆದರೆ ಅದು ಸುಮ್ಮನೆ ಹೋಗುವ ಜಾತಿಯದಲ್ಲ, ಹೋಗುವ ಮುಂಚೆಯೇ ಲಿವರಿನಲ್ಲಿ ಮರಿ ಹಾಕಿತ್ತು. ಅದಕ್ಕೇ ಈಗ ಎರಡು ವಾರಕ್ಕೊಮ್ಮೆ ಕೀಮೋ. ಡಾಕ್ಟರ್ ಮೃಣಾಲಿನಿ ಬಿಡಿಸಿ ಹೇಳಿದ್ದರು: ಲಿವರಿನ ಗಡ್ಡೆಗಳು ಸಣ್ಣವಾಗುತ್ತಿವೆ, ಇನ್ನು ಕೆಲವು ಸಲ ಔಷಧ ಹೋದರೆ ಅಷ್ಟು ಭಾಗ ಕತ್ತರಿಸಿ ತೆಗೆಯಬಹುದು, ನಡುವೆ ಬಿಟ್ಟರೆ ಅವು ಮತ್ತೆ ಬೆಳೆಯುತ್ತವೆ. ಆ ಔಷಧಕ್ಕೊಂದು ಕೆಟ್ಟ ಚಾಳಿ ಇತ್ತು. ತಣ್ಣಗಿನದು ಏನು ಮುಟ್ಟಿದರೂ ಬೆರಳಿಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು, ತಣ್ಣೀರು ಕುಡಿದರೆ ಗಂಟಲಲ್ಲಿ ಗಾಜಿನ ಚೂರು ಸಿಕ್ಕಿದ ಹಾಗೆ. "ಎಲ್ಲಕ್ಕೂ ಬಿಸಿನೀರೇ ಬಳಸಿ, ಅಷ್ಟೇ" ಎಂದು ಡಾಕ್ಟರರು ನಕ್ಕಿದ್ದರು.

ಅಷ್ಟೇ ಎನ್ನಲು ಅವರಿಗೆ ಈ ಮನೆಯ ಮಡಿ ಗೊತ್ತಿರಲಿಲ್ಲ. ದೇವರ ನೀರನ್ನು ನಸುಕಿನಲ್ಲಿ ಒದ್ದೆಬಟ್ಟೆಯಲ್ಲೇ ತುಂಬಿಡಬೇಕು, ಅದಕ್ಕೆ ಒಲೆಯ ಬಿಸಿ ತಾಗಕೂಡದು. ದೇವರನ್ನು ಮುಟ್ಟುವವರು ಮನೆಯ ಗಂಡಸರೇ. ಪೂಜೆಯಾಗದೆ ಮನೆಯ ಯಜಮಾನ ಬಾಯಲ್ಲಿ ಅಗುಳು ಇಡುವಂತಿಲ್ಲ. ಇವೆಲ್ಲ ಮಾಸ್ತರರ ತಾಯಿ ಮಾಡಿದ ಕಾನೂನು. ಆಕೆ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಕಾನೂನುಗಳು ನಿವೃತ್ತಿಯಾಗಿರಲಿಲ್ಲ, ಸೊಸೆ ಜಾನಕಿಬಾಯಿ ಅವನ್ನು ಅತ್ತೆಗಿಂತ ಬಿಗಿಯಾಗಿ ನಡೆಸಿಕೊಂಡು ಬಂದಿದ್ದರು. ಗಂಡನ ಸ್ನಾನಕ್ಕೆ ಬಿಸಿನೀರು ಕೊಡಲು ಒಪ್ಪಿದ್ದರು. ದೇವರ ನೀರಿನ ಮಾತು ಬಂದರೆ ಮಾತ್ರ, "ಅದು ಮಾತ್ರ ಆಗೂದಿಲ್ಲ" ಎನ್ನುತ್ತಿದ್ದರು.

ಸಿಂದಗಿಯಲ್ಲಿ ಶಿಕ್ಷಕಿಯಾಗಿದ್ದ ಮಗಳು ವರದಾ ಈ ತೊಡಕಿಗೊಂದು ಉಪಾಯ ತಂದಳು. ಉಣ್ಣೆಗೆ ಮೈಲಿಗೆಯಿಲ್ಲ, ಅಪ್ಪ ಪೂಜೆಗೆ ಉಡುವ ಧಾಬಳಿಯೂ ಉಣ್ಣೆಯದೇ. ಹಾಗಾದ ಮೇಲೆ ಉಣ್ಣೆಯ ಕೈಗವಸು ಯಾಕಾಗಬಾರದು? ಜಾನಕಿಬಾಯಿ ಬಹಳ ಹೊತ್ತು ಯೋಚಿಸಿ, ತಪ್ಪು ಸಿಗದೆ ಒಪ್ಪಿಕೊಂಡರು. ಮರುದಿನ ಮಾಸ್ತರರು ಕೆಂಪು ಕೈಗವಸು ಹಾಕಿಕೊಂಡು, ತಲೆಗೆ ಮಂಕಿ ಕ್ಯಾಪು ಎಳೆದುಕೊಂಡು ಪೂಜೆಗೆ ಕುಳಿತರು. ಅದೇ ಹೊತ್ತಿಗೆ ಪಕ್ಕದ ಮನೆಯ ಚನ್ನಬಸಯ್ಯ ತಮ್ಮ ತೋಟದ ನಿಂಬೆಹಣ್ಣು ಕೊಡಲು ಬಂದು ಬಾಗಿಲಲ್ಲೇ ನಿಂತರು.

"ಮಾಸ್ತರ, ಪೂಜಾ ಮಾಡಾಕತ್ತೀರೋ, ದೇವರ ಮನಿ ಕಳವು ಮಾಡಾಕ ಬಂದೀರೋ?"

"ನಗಬ್ಯಾಡ್ರಿ ಅಯ್ಯನವರ. ನಿಮಗೇನು, ಲಿಂಗ ಅಂಗೈಯಾಗ ಬೆಚ್ಚಗ ಇರ್ತದ."

"ನಮ್ಮವ ಜಾಣ ಅದಾನ್ರಿ, ಮೊದಲ ಜಾಗಾ ನೋಡಿ ಕುಂತಾನ."

ಉಣ್ಣೆ ನೀರು ಕುಡಿದು ಭಾರವಾಯಿತು. ತಂಪು ಬೆರಳಿಗೆ ಇಳಿಯಿತು. ಒದ್ದೆ ಕೈಗವಸು ಬಿಚ್ಚಲೂ ಬರದೆ ಮಾಸ್ತರರು ಹಾ ಹಾ ಎಂದು ಕುಣಿದರು, ವಿಠ್ಠಲ ಈ ಸಲ ತುಳಸಿಯ ಬುಟ್ಟಿಗೆ ಬಿದ್ದ. ಚನ್ನಬಸಯ್ಯನವರು ನಗು ತಡೆಯಲಾರದೆ ನಿಂಬೆಹಣ್ಣನ್ನು ಅಲ್ಲೇ ಇಟ್ಟು ಹೊರಗೆ ಹೋದರು. ನಗು ಅಡಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಗೆಳೆಯ ಎಷ್ಟು ಸೊರಗಿದ್ದಾನೆಂಬುದು ಅವರಿಗೆ ಆಗಲೇ ಕಂಡದ್ದು.

ಅಂದು ಊಟಕ್ಕೆ ಕುಳಿತಾಗ ಮಾಸ್ತರರು ಶಾಂತವಾಗಿ ಹೇಳಿದರು, "ನಾಳೆ ಸೋಲಾಪುರಕ್ಕ ನಾ ಬರೂದಿಲ್ಲ. ಔಷಧ ಸಾಕು."

ವರದಾಳ ಕೈಯ ತುತ್ತು ಅಲ್ಲೇ ನಿಂತಿತು. "ಅಪ್ಪಾ, ಗಡ್ಡಿ ಸಣ್ಣವಾಗ್ಲಿಕ್ಕತ್ತಾವ. ಈಗ ಬಿಡ್ತಾರೇನು?"

"ದೇವರಿಗೆ ಒಂದು ತಂಬಿಗಿ ನೀರು ಹಾಕ್ಲಿಕ್ಕೆ ಬರೂದಿಲ್ಲ, ಮೂರು ಸವುಟು ತೀರ್ಥ ನುಂಗ್ಲಿಕ್ಕೆ ಬರೂದಿಲ್ಲ. ಹಿಂಗ ಇದ್ದು ಏನು ಮಾಡೂದದ?"

"ಸ್ವಲ್ಪ ದಿವಸ ಭಟ್ಟರನ್ನ ಕರಿಯೋಣು."

"ನಾ ಇನ್ನೂ ಇದ್ದೇನಿ."

ಮಾಸ್ತರರು ಹಿಡಿದ ಮೊಲಕ್ಕೆ ಮೂರೇ ಕಾಲು. ವರದಾ ಅತ್ತಳು, ಬೈದಳು, ಡಾಕ್ಟರರಿಗೆ ಫೋನು ಹಚ್ಚಿ ಅಪ್ಪನ ಕಿವಿಗೆ ಹಿಡಿದಳು. ಮಾಸ್ತರರು ಎಲ್ಲಕ್ಕೂ "ಹೌದ್ರಿ, ಹೌದ್ರಿ" ಎಂದು ಫೋನು ತಿರುಗಿ ಕೊಟ್ಟರು. ಜಾನಕಿಬಾಯಿಗೆ ಹೆದರಿಕೆಯಾಗಿತ್ತು. ನಾಲ್ವತ್ತು ವರ್ಷ ಗಂಡನ ಜೊತೆ ಜಗಳಾಡಿ ಗೆದ್ದವರು, ಈಗ ಗೆಲ್ಲಲೇಬೇಕಾದ ಜಗಳಕ್ಕೆ ಬಾಯಿ ಬರುತ್ತಿರಲಿಲ್ಲ. ಯಾಕೆಂದರೆ ಗಂಡನನ್ನು ಕಟ್ಟಿಹಾಕಿದ್ದು ತಮ್ಮದೇ ಮಡಿ ಎಂದು ಅವರಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಚನ್ನಬಸಯ್ಯನವರ ಕಾರು ಬಾಗಿಲಿಗೆ ಬಂದು ಹಾರ್ನ್ ಹಾಕಿತು. ಪ್ರತಿ ಸಲ ಸೋಲಾಪುರಕ್ಕೆ ಕರೆದೊಯ್ಯುವವರು ಅವರೇ. ಮಾಸ್ತರರು ಮಾತ್ರ ಧಾಬಳಿ ಉಟ್ಟು, ತಟ್ಟೆಯಲ್ಲಿ ವಿಠ್ಠಲನನ್ನು ನಿಲ್ಲಿಸಿಕೊಂಡು, ತಣ್ಣೀರಿನ ತಂಬಿಗೆಯನ್ನು ನೋಡುತ್ತಾ ಕುಳಿತಿದ್ದರು. ಅಷ್ಟರಲ್ಲಿ ಜಾನಕಿಬಾಯಿ ಒಳಗೆ ಬಂದರು. ಮೈಮೇಲೆ ಒದ್ದೆಸೀರೆ, ಕೈಯಲ್ಲಿ ತಾಮ್ರದ ಚರಿಗೆ. ಚರಿಗೆಯಿಂದ ಹಬೆ ಏಳುತ್ತಿತ್ತು. ತಣ್ಣೀರಿನ ತಂಬಿಗೆಯನ್ನು ಸರಿಸಿ ಚರಿಗೆಯನ್ನು ಗಂಡನ ಮುಂದೆ ಇಟ್ಟರು.

"ಇದೇನು?" ಎಂದರು ಮಾಸ್ತರರು.

"ನೀರು."

"ಒಲಿ ಮ್ಯಾಲೆ ಇಟ್ಟಿದ್ದೇನು?"

"ಮತ್ತ ತಾನಾಗೇ ಕಾಯ್ತದೇನು?"

ಮಾಸ್ತರರು ಹೆಂಡತಿಯ ಮುಖ ನೋಡಿದರು, ಜ್ವರಗಿರ ಬಂದಿದೆಯೋ ಎಂದು. "ದೇವರಿಗೆ ಬಿಸಿನೀರು ನಡಿಯೂದಿಲ್ಲ."

"ಪಂಢರಪುರದಾಗ ನಡೀತದ. ಏಕಾದಶಿ ಯಾತ್ರಿ ಮುಗಿದ ಮ್ಯಾಲೆ ಪ್ರಕ್ಷಾಳ ಪೂಜಾದಾಗ ವಿಠ್ಠಲಗ ಬಿಸಿನೀರ ಹಾಕ್ತಾರ. ಮಂದಿಗೆ ದರ್ಶನಾ ಕೊಟ್ಟು ಕೊಟ್ಟು, ನಿಂತು ನಿಂತು ದಣದಿರ್ತಾನ ಅಂತ ಔಷಧದ ಕಾಢಾನೂ ಕುಡಸ್ತಾರ. ನೀವ ಹೇಳಿದ್ರಿ ನನಗ, ಲಗ್ನ ಆದ ವರ್ಷ ಕರಕೊಂಡು ಹೋದಾಗ."

"ಅದು ಯಾತ್ರಿ ಆದ ಮ್ಯಾಲಿನ ಮಾತು. ಇಲ್ಲಿ ಯಾವ ಯಾತ್ರಿ ಆಗೇದ?"

"ಸೋಲಾಪುರದ್ದು." ಜಾನಕಿಬಾಯಿ ಚರಿಗೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು. "ಎರಡು ವಾರಕ್ಕೊಮ್ಮೆ ಹೋಗಿ ಬರ್ತೀರಿ. ನೀವು ಒಬ್ರ ಹೋಗ್ತೀರಂತ ತಿಳದೀರೇನು? ನೀವು ಸೂಜಿ ಚುಚ್ಚಿಸಿಕೊಂಡು ಮಲಗಿದ್ರ ಅವಾ ಅಲ್ಲೇ ಮಗ್ಗಲಕ್ಕ ನಿಂತಿರ್ತಾನ. ಅವಗೂ ದಣಿವಾಗ್ತದ."

ಮಾಸ್ತರರು ಉಳಿದ ಒಂದೇ ಬಾಣ ಬಿಟ್ಟರು. "ನಮ್ಮವ್ವ ಇದ್ದಿದ್ದರ ಏನಂತಿದ್ದಳು?"

"ಅತ್ತಿಯವರ ಕೂಡ ನಾ ಮಾತಾಡ್ತೇನಿ. ಅಲ್ಲಿ ಹೋದ ಮ್ಯಾಲೆ. ಅದಕ್ಕೇನು ಅವಸರ ಇಲ್ಲ, ನಿಮಗೂ ಇಲ್ಲ."

ಹೊರಗೆ ಹಾರ್ನ್ ಸುಮ್ಮನಾಯಿತು. ಚನ್ನಬಸಯ್ಯ ಒಳಗೆ ಬಂದು, ದೇವರ ಕೋಣೆಯಿಂದ ಏಳುತ್ತಿದ್ದ ಹಬೆ ನೋಡಿ ಹೊಸ್ತಿಲಾಚೆ ನಿಂತರು.

"ಬಾಯಾರ, ದೇವರಿಗೆ ಚಾ ಇಟ್ಟೀರೇನ್ರಿ?"

"ತಡೀರಿ ಅಯ್ಯನವರ. ಜಳಕ ಮಾಡಿ ಬರ್ತಾರ ಇಬ್ರೂ."

ಮಾಸ್ತರರು ಹೆದರುತ್ತಲೇ ಕಿರುಬೆರಳನ್ನು ಚರಿಗೆಯಲ್ಲಿ ಅದ್ದಿದರು. ಏನೂ ಆಗಲಿಲ್ಲ. ನಾಲ್ಕೂ ಬೆರಳು ಅದ್ದಿದರು. ಹಿತ್ತಾಳೆಯ ಮೈ ತಣ್ಣಗಿತ್ತು, ಅದಕ್ಕೇ ಮೊದಲು ಮೇಲಿಂದ ನೀರು ಸುರಿದು, ಅದು ಬೆಚ್ಚಗಾಗುವವರೆಗೆ ಕಾದು, ಆಮೇಲೆ ವಿಠ್ಠಲನನ್ನು ಕೈಗೆತ್ತಿಕೊಂಡರು. ಬೆನ್ನು ತಿಕ್ಕಿದರು, ಕಂಕುಳು ತಿಕ್ಕಿದರು, ಸೊಂಟದ ಮೇಲಿನ ಕೈಗಳ ಸಂದಿಯಲ್ಲಿ ಬೆರಳು ಆಡಿಸಿದರು. ಮಂತ್ರ ನಡುವೆ ಎರಡು ಕಡೆ ತಪ್ಪಿತು. ಜಾನಕಿಬಾಯಿ ತಿದ್ದಲಿಲ್ಲ.

ಪೂಜೆ ಮುಗಿದು ಮಾಸ್ತರರು ಅಂಗೈಯಲ್ಲಿ ತೀರ್ಥ ಹಾಕಿಕೊಂಡರು. ಛಡಿ ಏಟಿಗೆ ಕೈ ಒಡ್ಡಿದ ಹುಡುಗನ ಹಾಗೆ ಕಣ್ಣು ಮುಚ್ಚಿ ನುಂಗಿದರು. ಸ್ವಲ್ಪ ಹೊತ್ತು ಕಾದರು. ಕಣ್ಣು ತೆರೆದು ಇನ್ನೊಮ್ಮೆ ಹಾಕಿಕೊಂಡರು, ಮತ್ತೊಮ್ಮೆ ಹಾಕಿಕೊಂಡರು. ಮೂರಾದ ಮೇಲೆಯೂ ಸವುಟು ಕೆಳಗಿಡಲಿಲ್ಲ.

"ಸಾಕ್ರಿ," ಎಂದರು ಜಾನಕಿಬಾಯಿ. "ಉಳದದ್ದು ಥರ್ಮಾಸಿಗೆ ಹಾಕತೇನಿ. ಹಾದಿಯಾಗ ಕುಡೀರಿ."

ವರದಾ ಅಪ್ಪನ ಚಪ್ಪಲಿಯನ್ನು ಕಾರಿನ ಕಡೆ ಮುಖ ಮಾಡಿ ಇಟ್ಟಳು. ದೇವರ ಕೋಣೆಯಲ್ಲಿ ವಿಠ್ಠಲ ಸೊಂಟಕ್ಕೆ ಕೈ ಹಚ್ಚಿ ನಿಂತಿದ್ದ, ಅವನ ಹೆಗಲ ಮೇಲಿಂದ ಇನ್ನೂ ಸಣ್ಣಗೆ ಹಬೆ ಏಳುತ್ತಿತ್ತು.