ಹಾಜರಿಯ ಏಳನೇ ನಂಬರು

ಎಪ್ಪತ್ತು ವರ್ಷದ ಹಿಂದೆ ಇಪ್ಪತ್ಮೂರು ಹುಡುಗಿಯರನ್ನು ಕಟ್ಟಿಕೊಂಡು ಸಿಸ್ಟರುಗಳು ಶುರುಮಾಡಿದ ಹೈಸ್ಕೂಲು ಅದು. ಈಗ ಮೂರು ಮಹಡಿ, ಒಂಬೈನೂರು ಹುಡುಗಿಯರು. ಆದರೂ ಸ್ಥಾಪನೆಯ ದಿನ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಆ ಮೊದಲ ವರ್ಷದ ಹಾಜರಿ ಕೂಗುವ ಪದ್ಧತಿ ಒಂದು ಸಲವೂ ತಪ್ಪಿರಲಿಲ್ಲ. ನಂಬರು ಕೂಗಿದರೆ ಈಗಿನ ಹುಡುಗಿಯೊಬ್ಬಳು ಎದ್ದು "ಹಾಜರ್" ಎನ್ನಬೇಕು. ಆರು ಆದಮೇಲೆ ಎಂಟು. ಏಳು ಯಾಕಿಲ್ಲವೆಂದು ಹುಡುಗಿಯರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಳನೆಯವಳು ಬಾವಿಗೆ ಬಿದ್ದಳಂತೆ, ಅಲ್ಲ, ಪಾದ್ರಿಗಳ ಸೈಕಲ್ ಹತ್ತಿ ಪರಾರಿಯಾದಳಂತೆ, ಹೀಗೆ ಒಂದೊಂದು ಬ್ಯಾಚಿಗೆ ಒಂದೊಂದು ಕತೆ.

ಈ ವರ್ಷ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಗಂಟಲು ಕಟ್ಟಿಕೊಂಡು ಕೂತಿದ್ದರಿಂದ ಹಾಜರಿ ಕೂಗುವ ಕೆಲಸ ಲೆಕ್ಕದ ಟೀಚರ್ ತಲೆಗೆ ಬಂತು. ಅವಳೂ ಅದೇ ಶಾಲೆಯಲ್ಲಿ ಓದಿದವಳು. ಯಾವುದನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲದವಳು. ಹುಡುಗಿಯರು ಅವಳನ್ನು ಸ್ಕೇಲ್ ಮಿಸ್ ಎಂದೇ ಕರೆಯುತ್ತಿದ್ದರು. ಟೈಪು ಮಾಡಿದ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೂಲ ರಿಜಿಸ್ಟರನ್ನೇ ತೆಗೆಸಿದಳು. ಏಳನೇ ಸಾಲಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ: "ಮೂವತ್ತು ದಿನ ಗೈರು. ಹೆಸರು ತೆಗೆಯಲಾಗಿದೆ."

ಕಾನ್ವೆಂಟಿನಲ್ಲಿ ತೊಂಬತ್ತು ದಾಟಿದ ಸಿಸ್ಟರೊಬ್ಬರಿದ್ದರು. ಎಲ್ಲರಿಗೂ ಅವರು ಅಜ್ಜಿ ಸಿಸ್ಟರ್. ಟೀಚರ್ ಪುಟ ತೆರೆದು ತೋರಿಸಿದಾಗ ಅವರು ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು.

"ಆ ಗೆರೆ ಎಳೆದವಳು ನಾನೇ," ಎಂದರು. "ಹುಡುಗಿ ಇನ್ನೂ ಇದ್ದಾಳೆ. ಹಿಂದಿನ ಬೀದಿ ಟೇಲರ್ ಅಂಗಡೀಲಿ ಗುಂಡಿಗೆ ಕಾಜ ಹೊಲೀತಾಳಲ್ಲ, ಅವಳೇ."

ಟೀಚರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅವಳ ಸ್ವಂತ ಯೂನಿಫಾರ್ಮಿಗೆ ಮೂರು ವರ್ಷ ಕಾಜ ಹೊಲಿದ ಕೈ ಅದು.

ಅಂಗಡಿಯಲ್ಲಿ ಕಾಜದ ಅಜ್ಜಿಯ ಸೊಸೆ ಮಿಷನ್ ತುಳಿಯುತ್ತಿದ್ದಳು. ಬಾಗಿಲ ಬೆಳಕಿನಲ್ಲಿ ಅಜ್ಜಿ ನೀಲಿ ಸ್ಕರ್ಟುಗಳ ರಾಶಿ ಇಟ್ಟುಕೊಂಡು ಕೂತಿದ್ದಳು.

"ಅಜ್ಜಿ, ಏಳು ನೀವೇನಾ?"

"ಏಳೆಲ್ಲಿ ಬಂತಮ್ಮ, ಎಂಬತ್ಮೂರು ನಂಗೆ!" ಎಂದು ನಕ್ಕ ಅಜ್ಜಿ, ರಿಜಿಸ್ಟರಿನ ಮಾತು ಬಂದದ್ದೇ ಸೊಸೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅಮ್ಮ ಹಾಸಿಗೆ ಹಿಡಿದ್ಲು. ತಮ್ಮಂದಿರು ಚಿಕ್ಕೋರು. ಅವಳು ಎದ್ದು ಓಡಾಡೋ ಹಾಗಾದ ಮೇಲೆ ಚೀಲ ಹೆಗಲಿಗೆ ಹಾಕ್ಕೊಂಡು ಹೋದೆ. ಗೇಟಲ್ಲೇ ಹೇಳಿದ್ರು, ಹೆಸರು ಹೊಡೆದಾಗಿದೆ ಅಂತ. ಹೆಸರೇ ಇಲ್ಲದ ಮೇಲೆ ಓದಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಮನೇಲಿ ಯಾರಿಗೂ ಹೇಳಿಲ್ಲ."

"ಸ್ಥಾಪನೆ ದಿನ ಬನ್ನಿ ಅಜ್ಜಿ. ನೀವೇ ಹಾಜರ್ ಅನ್ನಿ."

"ಬೇಡಮ್ಮ. ಕೆಲಸ ರಾಶಿ ಬಿದ್ದಿದೆ," ಎಂದು ಅಜ್ಜಿ ಸೂಜಿಗೆ ದಾರ ಪೋಣಿಸತೊಡಗಿದಳು.

ಟೀಚರ್ ಜೋಲುಮೋರೆ ಹಾಕಿಕೊಂಡು ಬಂದು ವರದಿ ಒಪ್ಪಿಸಿದಳು. ಎರಡು ವರ್ಷದಿಂದ ಮೆಟ್ಟಿಲು ಇಳಿಯದಿದ್ದ ಅಜ್ಜಿ ಸಿಸ್ಟರ್, "ಗಾಲಿಕುರ್ಚಿ ತಾ," ಎಂದರು. "ಕರೆಯೋಕೆ ಹೋಗಬೇಕಾದವಳು ನಾನು, ನೀನಲ್ಲ."

ಅಂಗಡಿಯ ಮುಂದೆ ಕುರ್ಚಿ ನಿಂತಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಆಗಿನ ದೊಡ್ಡ ಸಿಸ್ಟರ್ ಹೇಳಿದ್ರು, ನಾನು ಗೆರೆ ಎಳೆದೆ," ಎಂದರು ಅಜ್ಜಿ ಸಿಸ್ಟರ್. "ಮನೆಗೆ ಬಂದು, ಯಾಕೆ ಮಗು ಬರ್ತಿಲ್ಲ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ತಪ್ಪಾಯ್ತು."

ಅಜ್ಜಿ ಕೈಯಲ್ಲಿದ್ದ ಕಾಜ ಪೂರ್ತಿ ಮುಗಿಸಿದಳು. ದಾರವನ್ನು ಹಲ್ಲಲ್ಲಿ ಕಡಿದಳು.

"ಆಗ ನಿಮಗೆಷ್ಟು ವಯಸ್ಸು ಸಿಸ್ಟರ್?"

"ಇಪ್ಪತ್ತೆರಡು."

"ಅಯ್ಯೋ, ನಮ್ಮ ಮೊಮ್ಮಗಳಿಗಿಂತ ಚಿಕ್ಕೋರು! ನಿಮಗಾದ್ರೂ ಏನು ಗೊತ್ತಿರತ್ತೆ," ಎಂದವಳೇ ಸೊಸೆಗೆ ಚಹಾ ಇಡಲು ಹೇಳಿದಳು. ಟೀಚರ್ ಗಾಲಿಕುರ್ಚಿಯ ಹಿಡಿಯನ್ನು ಅಷ್ಟು ಹೊತ್ತೂ ಗಟ್ಟಿಯಾಗಿ ಹಿಡಿದಿದ್ದಳು. ಈಗ ಬೆರಳು ಸಡಿಲವಾದವು.

ಸ್ಥಾಪನೆಯ ದಿನ ಅಜ್ಜಿ ಸೊಸೆಯ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಳು. ಆರರವರೆಗೆ ಟೀಚರ್ ಸರಾಗವಾಗಿ ಕೂಗಿದಳು. "ಏಳು" ಎಂದಾಗ ಅಂಗಳದಲ್ಲಿ ಗುಸುಗುಸು ಎದ್ದಿತು. ಅಜ್ಜಿ ಸೊಸೆಯ ಭುಜ ಹಿಡಿದು ಎದ್ದಳು. "ಹಾಜರ್" ಎಂದದ್ದು ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲ. ಕೇಳಿಸಿದವರು ಚಪ್ಪಾಳೆ ತಟ್ಟಿದರು, ಕೇಳಿಸದವರೂ ತಟ್ಟಿದರು. ಎಂಟನೇ ನಂಬರಿನ ಹುಡುಗಿ ತನ್ನ ಸರದಿಯನ್ನೇ ಮರೆತು ಅಜ್ಜಿಯನ್ನು ನೋಡುತ್ತ ಕೂತುಬಿಟ್ಟಳು.

ಕಾರ್ಯಕ್ರಮ ಮುಗಿದ ಮೇಲೆ ಟೀಚರ್ ಅವರನ್ನು ಗೇಟಿನವರೆಗೆ ಕಳಿಸಲು ಹೋದಳು. ಸೊಸೆಗೆ ಇನ್ನೂ ಆಶ್ಚರ್ಯ ಇಳಿದಿರಲಿಲ್ಲ.

"ಅತ್ತೆ, ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ವಲ್ಲ! ಏನೇನು ಕಲಿತಿದ್ರಿ?"

"ಮೂರೇ ತಿಂಗಳು ಕಣೇ," ಎಂದಳು ಅಜ್ಜಿ. ಆದರೆ ಬೀದಿಗಿಳಿದ ಮೇಲೆ ಒಂದೊಂದಾಗಿ ನೆನಪು ಬರತೊಡಗಿತು. ತ್ರಿಕೋನದ ಮೂರು ಕೋನ ಕೂಡಿದರೆ ಎಷ್ಟು, ಭೂಪಟದಲ್ಲಿ ನದಿಗೆ ಯಾವ ಬಣ್ಣ, ಪಕ್ಕದಲ್ಲಿ ಕೂರುತ್ತಿದ್ದ ಗುಂಗುರು ಕೂದಲಿನವಳು ಪ್ರಾರ್ಥನೆಯ ಹೊತ್ತಿನಲ್ಲಿ ಹೇಗೆ ತೂಕಡಿಸುತ್ತಿದ್ದಳು. ಹೇಳುತ್ತ ಹೇಳುತ್ತ ಅವಳು ಅಂಗಡಿಯನ್ನು ದಾಟಿ ಮುಂದಕ್ಕೇ ಹೋದಳು. ಸೊಸೆ ತಡೆಯಲಿಲ್ಲ, ಕೇಳುತ್ತ ಜೊತೆಗೇ ನಡೆದಳು.